ಸವಾಲಿಗೆ ಜವಾಬು

“ತಮ್ಮಾ, ‘ಕಾಯಕವೇ ಕೈಲಾಸ’ ಅಂತ ಹೇಳಿದವರು ಯಾರು? ಹೇಳು ನೋಡೂಣು.”

ಬೇಲಿಯ ಆಚೆ ನಿಂತು ಕಾಕಾ ಕೇಳಿದರು. ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಕಾಕು ಕೂಡ ಮರ ಕೆಳಗಿಟ್ಟು ಇತ್ತ ನೋಡಿದರು.

“ಆಯ್ದಕ್ಕಿ ಮಾರಯ್ಯನ ವಚನದಾಗ ಬರ್ತೈತ್ರಿ ಕಾಕಾ.”

“ಮತ್ತ ನಿನ್ನೆ ಸಭಾದಾಗ ಒಬ್ಬರಾದ ಮ್ಯಾಲೆ ಒಬ್ಬರು ಮೈಕ್ ಹಿಡಕೊಂಡು ‘ಬಸವಣ್ಣನವರು ಹೇಳ್ಯಾರ’ ಅಂದ್ರಲ್ಲ? ಪೆಂಡಾಲಿನ ತುಂಬ ಚಪ್ಪಾಳಿ. ಅಲ್ಲ ಅನ್ನಾವರು ಒಬ್ಬರೂ ಇಲ್ಲ.”

“ನೀವ ಎದ್ದು ಹೇಳಬೇಕಿತ್ತಲ್ರೀ.”

“ಕೆಳಗ ಕುಂತವರ ಕೈಯಾಗ ಮೈಕ್ ಎಲ್ಲಿರತೈತೋ?”

ಕಾಕು ನಡುವೆ ಬಾಯಿ ಹಾಕಿದರು. “ಮಾರಯ್ಯನ ಹೆಸರು ಹೇಳಿದಿ, ಛಲೋ ಆತು. ಲಕ್ಕಮ್ಮನ್ನ ಯಾಕ ಬಿಟ್ಟಿ?”

ಸರಿಯಾದ ಪ್ರಶ್ನೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಗಂಡ ಹೆಂಡತಿ ಅವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು, ಅದರಲ್ಲೇ ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಇದು ನಮ್ಮ ಇವತ್ತಿನ ಪಾಲಲ್ಲ, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಕಾಯಕದ ಮಾತು ಹುಟ್ಟಿದ್ದು ಈ ಮನೆಯಲ್ಲಿ.

ನನಗೆ ಈ ವಿಷಯದಲ್ಲಿ ಸಂಕಟವಾಗುವುದು ಹೆಸರು ತಪ್ಪಾಯಿತು ಎಂಬುದಕ್ಕಲ್ಲ. ಬಸವಣ್ಣನವರ ಹೆಸರಿಗೆ ಒಂದು ಮಾತು ಹೆಚ್ಚು ಸೇರಿದರೆ ಅವರಿಗೂ ನಷ್ಟವಿಲ್ಲ, ಮಾರಯ್ಯನಿಗೂ ಇಲ್ಲ. ಆದರೆ ಲಕ್ಕಮ್ಮನನ್ನು ಕೈಬಿಟ್ಟು ಆ ಎರಡು ಶಬ್ದ ಮಾತ್ರ ವೇದಿಕೆಗೆ ಬಂದರೆ, ಅದು ಕಬ್ಬು ಕಡಿಯುವ ಗ್ಯಾಂಗಿನವರಿಗೆ, ಗಾರೆ ಕೆಲಸದವರಿಗೆ, ಸುಮ್ಮನೆ ದುಡಿಯಿರಿ ಎಂದು ಹೇಳುವ ಬುದ್ಧಿಮಾತಾಗುತ್ತದೆ. ಲಕ್ಕಮ್ಮ ಜೊತೆಗಿದ್ದರೆ ಅದೇ ಮಾತು ತಿರುಗಿ ವೇದಿಕೆಯ ಮೇಲಿನವರನ್ನೇ ಕೇಳುತ್ತದೆ: ನಿಮ್ಮ ಮನೆಯಲ್ಲಿ ಹೆಚ್ಚಿಗೆ ಬಂದದ್ದು ಎಷ್ಟಿದೆ, ಎಲ್ಲಿಂದ ಬಂತು, ಯಾವಾಗ ಹಿಂದಕ್ಕೆ ಕೊಡುತ್ತೀರಿ? ಗ್ರಂಥ ಪೂರ್ತಿ ಗೊತ್ತಿದ್ದವರಿಗೆ ಈ ಪ್ರಶ್ನೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಅರ್ಧ ಗೊತ್ತಿದ್ದವರಿಗೆ ಚಪ್ಪಾಳೆ ಸಿಗುತ್ತದೆ.

ಭಕ್ತಿಗೆ ನಮ್ಮಲ್ಲಿ ಬರವಿಲ್ಲ. ನಮ್ಮ ಕಲ್ಲೋಳಿಯ ಹನುಮಪ್ಪನ ಗುಡಿಗೆ ಶನಿವಾರ ಬಂದು ನೋಡಿದರೆ ಸಾಕು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಟಂಟಂ ಮಾಡಿಕೊಂಡು, ಬೈಕ್ ಮೇಲೆ, ಕೆಲವರು ನಡೆದೇ ಬರುತ್ತಾರೆ. ಚುನಾವಣೆ ಹತ್ತಿರ ಬಂತೆಂದರೆ ಎಲ್ಲ ಪಕ್ಷದವರೂ ಗುಡಿ, ಬಸದಿ, ದರ್ಗಾ ಸುತ್ತುತ್ತಾರೆ. ನಾಮಪತ್ರವನ್ನು ದೇವರ ಮುಂದೆ ಇಟ್ಟು ಆಮೇಲೆ ಕಚೇರಿಗೆ ಒಯ್ಯುತ್ತಾರೆ. ಅವರ ಭಕ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಒಬ್ಬರ ಎದೆಯೊಳಗೆ ಏನಿದೆ ಎಂದು ಬೇಲಿ ಈಚೆ ನಿಂತು ಹೇಳುವುದು ತಪ್ಪು. ಪ್ಯೂ ಎಂಬ ಅಮೆರಿಕದ ಸಂಸ್ಥೆ ಭಾರತದಲ್ಲಿ ಸುಮಾರು 30,000 ಮಂದಿಯನ್ನು ಕೇಳಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ದೇವರನ್ನು ನಂಬುತ್ತೇವೆ ಎಂದವರು ನೂರಕ್ಕೆ 97. ನಂಬಿಕೆಯ ಲೆಕ್ಕ ಮುಗಿಯಿತು. ನಂಬಿದ್ದರಲ್ಲಿ ಏನು ಬರೆದಿದೆ ಎಂಬ ಲೆಕ್ಕವೇ ಬೇರೆ.

ಅದೇ ಸಂಸ್ಥೆ 2010ರಲ್ಲಿ ಅಮೆರಿಕದವರಿಗೆ ಧರ್ಮದ ಬಗ್ಗೆ 32 ಪ್ರಶ್ನೆ ಹಾಕಿತ್ತು. ಸರಾಸರಿ 16 ಸರಿಯುತ್ತರ. ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ದೇವರನ್ನು ನಂಬದವರಿಗೆ ಮತ್ತು ಇದ್ದಾನೋ ಇಲ್ಲವೋ ತಿಳಿಯದು ಎನ್ನುವವರಿಗೆ, ಸುಮಾರು 21. ಅವರ ಬೆನ್ನಿಗೇ ಯಹೂದಿಗಳು, ಮಾರ್ಮನ್ ಪಂಥದವರು. ಇದನ್ನು ಹೇಳಿದಾಗ ಕಾಕಾಗೆ ಆಶ್ಚರ್ಯವೇನೂ ಆಗಲಿಲ್ಲ.

“ಬಿಡಬೇಕು ಅನ್ನಾಂವ ಓದಿ ಬಿಡ್ತಾನು. ಹಿಡಕೊಂಡಾಂವ ಅಪ್ಪ ಹಿಡದಿದ್ದ, ನಾನೂ ಹಿಡದೀನಿ ಅಂತಾನು. ಓದೂ ಕೆಲಸ ಎಲ್ಲಿ ಬಂತು?”

ಹನುಮಪ್ಪನ ವಿಷಯಕ್ಕೇ ಬರೋಣ. ರಾಜಕಾರಣಿಗಳಿಗೆ ಬೆಳ್ಳಿಯ ಗದೆ ಕೊಟ್ಟು ಸನ್ಮಾನ ಮಾಡುವುದು ಈಗ ಎಲ್ಲ ಕಡೆ ರೂಢಿ. ಆದರೆ ರಾಮಾಯಣದಲ್ಲಿ ಹನುಮಂತ ರಾಮನ ಎದುರು ಮೊದಲು ಬಂದಾಗ ಗದೆ ಹಿಡಿದು ಬಂದವನಲ್ಲ. ಅವನು ಬಂದದ್ದು ಮಂತ್ರಿಯಾಗಿ. ಸುಗ್ರೀವನ ಸಚಿವ ಅವನು. ಬಿಲ್ಲು ಹಿಡಿದ ಇಬ್ಬರು ಯಾರೋ ಪಂಪಾ ತೀರದ ಕಾಡಿಗೆ ಬಂದಿದ್ದಾರೆ, ಶತ್ರುಗಳೋ ಮಿತ್ರರೋ ತಿಳಿದು ಬಾ ಎಂದು ಹೆದರಿದ ರಾಜ ಕಳಿಸಿದ್ದಾನೆ. ಹನುಮಂತ ಭಿಕ್ಷುವಿನ ವೇಷದಲ್ಲಿ ಬಂದು ಮಾತಾಡುತ್ತಾನೆ. ಮಾತು ಕೇಳಿದ ರಾಮ ಲಕ್ಷ್ಮಣನ ಕಡೆ ತಿರುಗಿ ಹೇಳುವುದನ್ನು ವಾಲ್ಮೀಕಿ ಕಿಷ್ಕಿಂಧಾ ಕಾಂಡದ ಮೂರನೆಯ ಸರ್ಗದಲ್ಲಿ ಬಿಡಿಸಿ ಬರೆದಿದ್ದಾನೆ. ಮೂರು ವೇದ ಕಲಿಯದವನಿಗೆ ಹೀಗೆ ಮಾತಾಡಲು ಬಾರದು, ವ್ಯಾಕರಣವನ್ನು ಮತ್ತೆ ಮತ್ತೆ ಕೇಳಿದವನೇ ಇರಬೇಕು, ಇಷ್ಟು ಮಾತಾಡಿದರೂ ಒಂದು ಅಪಶಬ್ದ ಬರಲಿಲ್ಲ, ಮುಖದಲ್ಲಿ ಕಣ್ಣಲ್ಲಿ ಹುಬ್ಬಿನಲ್ಲಿ ದೋಷ ಕಾಣಲಿಲ್ಲ, ಮಾತು ಎಳೆಯಲಿಲ್ಲ, ತಡವರಿಸಲಿಲ್ಲ, ಕೂಗಲಿಲ್ಲ. ಇಂಥ ದೂತ ಇಲ್ಲದ ರಾಜನ ಕೆಲಸ ಕೈಗೂಡುವುದಾದರೂ ಹೇಗೆ?

ನನಗೆ ಇಡೀ ರಾಮಾಯಣದಲ್ಲಿ ತುಂಬ ಇಷ್ಟವಾದ ಜಾಗ ಇದು. ಒಬ್ಬ ಮಂತ್ರಿಗೆ ವೇದ ಗೊತ್ತಿದೆ ಎಂದು ರಾಮನಿಗೆ ತಿಳಿದದ್ದು ಆ ಮಂತ್ರಿ ವೇದಮಂತ್ರ ಹೇಳಿದ್ದರಿಂದಲ್ಲ. ಅಲ್ಲಿ ಹನುಮಂತ ಒಂದು ಮಂತ್ರವನ್ನೂ ಹೇಳುವುದಿಲ್ಲ. ನೀವು ಯಾರು, ಎಲ್ಲಿಂದ ಬಂದಿರಿ, ನಮ್ಮ ರಾಜ ನಿಮ್ಮ ಸ್ನೇಹ ಬಯಸುತ್ತಾನೆ ಎಂದು ಆಡಬೇಕಾದದ್ದನ್ನು ಆಡುತ್ತಾನೆ. ಓದಿದ್ದು ಮಾತಿನ ಹದದಲ್ಲಿ ಗೊತ್ತಾಯಿತು. ನಮ್ಮ ವೇದಿಕೆಗಳಲ್ಲಿ ಶ್ಲೋಕವೂ ಇರುತ್ತದೆ, ಅದರ ಬೆನ್ನಿಗೇ ಎದುರಾಳಿಯ ತಾಯಿ ತಂದೆಯನ್ನು ಎಳೆದು ಆಡುವ ಮಾತೂ ಇರುತ್ತದೆ. ಎರಡನ್ನೂ ಒಂದೇ ಬಾಯಿ ಆಡಿದಾಗ ಹನುಮಪ್ಪನ ಭಕ್ತರಾದ ನಾವು ಎದ್ದು ಕೇಳಬೇಕಲ್ಲ? ಕೇಳುವುದಿಲ್ಲ. ಏಕೆಂದರೆ ಆ ಸರ್ಗ ನಮಗೂ ಗೊತ್ತಿಲ್ಲ.

“ಮೊದಲ ಹಿಂಗಿರಲಿಲ್ಲ,” ಎಂದರು ಕಾಕಾ. ಹಿರಿಯರು ಮೊದಲು ಹೀಗಿರಲಿಲ್ಲ ಎಂದಾಗ ನಾನು ಸಾಮಾನ್ಯವಾಗಿ ಒಪ್ಪುವವನಲ್ಲ. ಈ ವಿಷಯದಲ್ಲಿ ಮಾತ್ರ ಅವರ ಬಳಿ ಪುರಾವೆ ಇದೆ. ಕಾಕಾ ಹರೆಯದಲ್ಲಿ ಗೀಗೀ ಮೇಳದಲ್ಲಿ ತುಂತುಣಿ ಹಿಡಿದವರು.

ಹರದೇಶಿ ನಾಗೇಶಿ ಹಾಡಿಕೆ ಕೇಳಿದವರು ಈಗ ಕಡಿಮೆಯಾಗುತ್ತಿದ್ದಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾತ್ರೆಯಲ್ಲಿ ಎರಡು ಮೇಳ ಎದುರಾಬದುರು ಕೂಡುತ್ತವೆ. ಹರದೇಶಿಯವರು ಪುರುಷ ಹೆಚ್ಚು ಎಂದು ಹಾಡಿ ಸಾಧಿಸಬೇಕು, ನಾಗೇಶಿಯವರು ಶಕ್ತಿ ಹೆಚ್ಚು ಎಂದು ಸಾಧಿಸಬೇಕು. ದಪ್ಪಿನ ಬಡಿತ, ತುಂತುಣಿಯ ನಾದ, ಹಿಂದಿನವರ ಗೀಯ ಗೀಯ ಸೊಲ್ಲು. ಒಂದು ಮೇಳ ಸವಾಲು ಹಾಕುತ್ತದೆ, ಇನ್ನೊಂದು ಜವಾಬು ಕೊಡಬೇಕು. ಸವಾಲು ಪುರಾಣದ್ದು, ಶಾಸ್ತ್ರದ್ದು. ಶಕ್ತಿ ಇಲ್ಲದ ಶಿವ ಏನು ಮಾಡಬಲ್ಲ, ಶಿವನಿಲ್ಲದ ಶಕ್ತಿ ಎಲ್ಲಿ ನಿಲ್ಲುತ್ತಾಳೆ, ದ್ರೌಪದಿಯ ಪ್ರಶ್ನೆಗೆ ಕುರುಸಭೆಯಲ್ಲಿ ಯಾರು ಉತ್ತರ ಕೊಟ್ಟರು, ಯಾರು ತಲೆ ತಗ್ಗಿಸಿದರು. ಜವಾಬು ಬರದಿದ್ದರೆ ಮುಗಿಯಿತು, ಬೆಳಗಿನತನಕ ಕೂತ ಜನರೇ ಸೋಲಿಸುತ್ತಾರೆ. ಹಾಡುವವರಲ್ಲಿ ಶಾಲೆಯ ಮೆಟ್ಟಿಲು ಹತ್ತದವರು ಎಷ್ಟೋ ಮಂದಿ. ಕೇಳುವವರು ರೈತರು, ನೇಕಾರರು, ಕುರಿ ಕಾಯುವವರು. ಆದರೆ ತಪ್ಪು ಹೇಳಿದರೆ ಹಿಡಿಯುತ್ತಾರೆ ಎಂಬ ಹೆದರಿಕೆ ಹಾಡುವವರಿಗೆ ಇತ್ತು.

“ರಾತ್ರಿ ಹಾಡಾಕ ಹೋಗೂ ಮುಂದ ಹಗಲೆಲ್ಲ ಪುರಾಣ ಬಲ್ಲವರ ಮನಿ ಬಾಗಲಾ ಕಾಯ್ತಿದ್ವಿ,” ಎಂದರು ಕಾಕಾ. “ಅಜ್ಜಾರ, ಇದರ ಅರ್ಥ ಏನ್ರಿ, ಇದು ಯಾವ ಅಧ್ಯಾಯದಾಗ ಬರ್ತೈತ್ರಿ ಅಂತ ಕೇಳಿ ಕೇಳಿ ತಲಿಯಾಗ ಇಟಗೋತಿದ್ವಿ. ಎದುರಿನ ಮೇಳದವರು ಎಲ್ಲಿಂದ ಕೇಳ್ತಾರೋ ಏನೋ!”

ಪಾರಿಜಾತದ ಆಟವೂ ಇದೇ ನೆಲದ್ದು. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣ ನಮ್ಮ ನೆರೆಯ ಕುಲಗೋಡಿನವನು. ಪಾರಿಜಾತ ಆಡಿ ಹೆಸರಾದ ನಿಂಗಮ್ಮ ಕೌಜಲಗಿಯವರು. ಅಲ್ಲಿ ದೇವರು ರಂಗದ ಮೇಲೆ ಬಂದರೂ ಭಾಗವತ ಅವನನ್ನು ಸುಮ್ಮನೆ ಬಿಡುವುದಿಲ್ಲ. ನೀನು ಯಾರು, ಯಾಕೆ ಬಂದೆ ಎಂದು ಕೇಳುತ್ತಾನೆ, ಕೃಷ್ಣ ಉತ್ತರ ಹೇಳಬೇಕು. ಶ್ರಾವಣದಲ್ಲಿ ಗುಡಿಯೊಳಗೆ ಬಸವಪುರಾಣ ಓದಿಸುವುದು, ನವರಾತ್ರಿಯಲ್ಲಿ ಚಿದಾನಂದಾವಧೂತರ ದೇವೀಪುರಾಣ ಓದಿಸುವುದು ಇನ್ನೂ ನಡೆದಿದೆ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ನಡುವೆ ಕೂತವರು ತಡೆದು ಕೇಳುವುದು. ನಮ್ಮ ಜನರಿಗೆ ಗ್ರಂಥ ಬಂದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಮತ್ತು ಕಿವಿಗಿಂತ ಹೆಚ್ಚಾಗಿ ಕೇಳುವ ಬಾಯಿಯಿಂದ. ರಾಜಕೀಯದ ವೇದಿಕೆ ನಮ್ಮಿಂದ ಗ್ರಂಥವನ್ನು ತೆಗೆದುಕೊಂಡಿತು, ಸವಾಲು ಹಾಕುವ ಹಕ್ಕನ್ನು ಮಾತ್ರ ಕೆಳಗೇ ಬಿಟ್ಟಿತು. ನನ್ನ ತಕರಾರು ಇಷ್ಟೇ.

ರಾಜಕಾರಣದಲ್ಲಿ ಸವಾಲು ಜವಾಬು ಆಗುವುದೇ ಇಲ್ಲ ಎಂದೇನಲ್ಲ. 1920ರ ಜನವರಿಯಲ್ಲಿ ಗಾಂಧೀಜಿಯ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ತಿಲಕರ ಒಂದು ಪತ್ರ ಅಚ್ಚಾಯಿತು. ರಾಜಕಾರಣ ಲೌಕಿಕರ ಆಟ, ಸಾಧುಗಳದ್ದಲ್ಲ. ಕೋಪವನ್ನು ಶಾಂತಿಯಿಂದ ಗೆಲ್ಲು ಎಂಬ ಬುದ್ಧನ ಮಾತಿಗಿಂತ, ಯಾರು ಹೇಗೆ ಬರುತ್ತಾರೋ ಹಾಗೆಯೇ ಅವರಿಗೆ ಒಲಿಯುತ್ತೇನೆ ಎಂಬ ಕೃಷ್ಣನ ಮಾತು ತನಗೆ ಹೆಚ್ಚು ಸರಿ ಎಂದು ತಿಲಕರು ವಾದಿಸಿದರು. ಗಾಂಧೀಜಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಲೋಕ ಸಾಧುಗಳದ್ದಲ್ಲ ಎನ್ನುವುದು ಮನಸ್ಸಿನ ಸೋಮಾರಿತನ ಎಂದರು. ಗೀತೆಯ ಆ ಮಾತಿಗೂ ಬುದ್ಧನ ಮಾತಿಗೂ ತನಗೆ ವಿರೋಧ ಕಾಣುವುದಿಲ್ಲ ಎಂದರು. ತಿಲಕರು ಮಂಡಾಲೆ ಜೈಲಿನಲ್ಲಿ ಗೀತಾರಹಸ್ಯ ಬರೆದವರು. ಗಾಂಧೀಜಿ ನಿತ್ಯ ಗೀತೆ ಓದಿದವರು. ಇಬ್ಬರೂ ಬೆಳಗಾವಿಯನ್ನು ಬಲ್ಲವರು: ತಿಲಕರು ಹೋಮ್ ರೂಲ್ ಲೀಗ್ ಕಟ್ಟಿದ್ದು 1916ರಲ್ಲಿ ಬೆಳಗಾವಿಯಲ್ಲಿ, ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಒಂದೇ ಸಲ, ಅದೂ 1924ರಲ್ಲಿ ಬೆಳಗಾವಿಯಲ್ಲಿ. ಒಂದೇ ಗ್ರಂಥದ ಬಗ್ಗೆ ದೇಶದ ಇಬ್ಬರು ದೊಡ್ಡ ಮುಖಂಡರು ಎಲ್ಲರ ಎದುರು ಭಿನ್ನಾಭಿಪ್ರಾಯ ಆಡಿದರು, ಒಬ್ಬರು ಇನ್ನೊಬ್ಬರನ್ನು ಧರ್ಮದ್ರೋಹಿ ಅನ್ನಲಿಲ್ಲ. ಇದನ್ನು ಕೇಳಿ ಕಾಕಾ ತೊಡೆ ತಟ್ಟಿ “ಹಾಡಿಕಿ ಅಂದ್ರ ಇದು ನೋಡು!” ಎಂದರು.

ಓದಿಕೊಂಡ ಮುಖಂಡರು ನಮ್ಮ ಕಡೆಯೂ ಇದ್ದರು. ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು ಆಲೂರ ವೆಂಕಟರಾಯರು. ರಂಗರಾವ್ ದಿವಾಕರರು ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡು, ಕೇಂದ್ರದಲ್ಲಿ ಮಂತ್ರಿಯಾಗಿ, ಬಿಹಾರದ ರಾಜ್ಯಪಾಲರಾಗಿ, ಜೊತೆಗೆ ‘ವಚನಶಾಸ್ತ್ರರಹಸ್ಯ’ವನ್ನೂ ‘ಉಪನಿಷತ್ ಪ್ರಕಾಶ’ವನ್ನೂ ಬರೆದರು. ಜಮಖಂಡಿ ಹತ್ತಿರದ ಸಾವಳಗಿಯ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿ, ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲ ತಿಂಗಳು ರಾಷ್ಟ್ರಪತಿಯ ಕೆಲಸವನ್ನೂ ನೋಡಿದವರು. ಅವರು 1964ರಲ್ಲಿ ಕಟ್ಟಿದ ಬಸವ ಸಮಿತಿ ಮುಂದೆ ವಚನಗಳನ್ನು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ತಂದಿತು.

ಆದರೆ ಎಲ್ಲರಿಗಿಂತ ನನಗೆ ನೆನಪಾಗುವವರು ಫ.ಗು. ಹಳಕಟ್ಟಿಯವರು. ವಿಜಯಪುರದ ವಕೀಲರು, ಮುಂಬೈ ಶಾಸನಸಭೆಯಲ್ಲೂ ಕೂತವರು. ಆ ಕಾಲಕ್ಕೆ ವಚನದ ತಾಡೋಲೆಗಳು ಎಷ್ಟೋ ಮನೆಗಳ ಜಗಲಿಯ ಮೇಲೆ ಇದ್ದವು. ವಿಭೂತಿ ಹಚ್ಚಿ, ಹೂ ಏರಿಸಿ, ದಿನಾ ಪೂಜೆ. ಬಿಚ್ಚಿ ಓದುವವರಿಲ್ಲ. ಹಳಕಟ್ಟಿಯವರು ಮನೆ ಮನೆ ತಿರುಗಿ ಕಾಡಿ ಬೇಡಿ ಅವನ್ನು ಕೂಡಿಸಿ, ನಕಲು ಮಾಡಿ, ‘ವಚನಶಾಸ್ತ್ರಸಾರ’ ಸಿದ್ಧ ಮಾಡಿದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋದ ಹಸ್ತಪ್ರತಿ ಅಚ್ಚಾಗದೆ ಹಿಂದಕ್ಕೆ ಬಂತು. ಕೊನೆಗೆ 1923ರಲ್ಲಿ ಅದು ಅಚ್ಚಾದದ್ದು ನಮ್ಮ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಹೆಸರೇ ಹೇಳುವಂತೆ ಜೈನರ ಅಚ್ಚುಕೂಟ. ಶರಣರ ಮಾತು ಲಿಂಗಾಯತರ ಜಗಲಿಯಿಂದ ಇಳಿದು ಜೈನರ ಅಚ್ಚಿನಮನೆ ಹಾಯ್ದು ಎಲ್ಲರ ಕೈಗೆ ಬಂತು. ಆಮೇಲೆ ತಮ್ಮದೇ ಮುದ್ರಣಾಲಯ, ‘ಶಿವಾನುಭವ’ ಪತ್ರಿಕೆ, ‘ನವಕರ್ನಾಟಕ’ ವಾರಪತ್ರಿಕೆ. ದುಡಿದದ್ದೆಲ್ಲ ಅದಕ್ಕೇ ಹಾಕಿದರು.

ಕಾಕು ಆಗ ಒಂದು ಮಾತು ಹೇಳಿದರು. “ನಮ್ಮ ಅತ್ತಿ ಜಗಲಿ ಮ್ಯಾಲೂ ಒಂದು ಪುಸ್ತಕ ಇತ್ತಪಾ. ಕೆಂಪು ಅರಬಿಯಾಗ ಸುತ್ತಿ ಇಟ್ಟಿದ್ರು. ಮೈಲಿಗಿ ಆಗತೈತಿ, ಮುಟ್ಟಬ್ಯಾಡ ಅಂತಿದ್ರು. ಸಾಯೂತನಕ ಅದು ಯಾವ ಪುಸ್ತಕ ಅಂತ ನಮಗ್ಯಾರಿಗೂ ಗೊತ್ತಾಗ್ಲಿಲ್ಲ. ತೆಗೆದು ನೋಡಿದ್ರ ಪ್ರಭುಲಿಂಗಲೀಲೆ! ಮಾಯಾನ್ನ ಅಲ್ಲಮ ಸೋಲಿಸಿದ ಕಥಿ. ಮುಟ್ಟಬ್ಯಾಡ ಅಂದವರು ಒಮ್ಮಿ ಓದಿದ್ರ ಮೈಲಿಗಿ ಅಂತಿದ್ರೇನು?”

ಈ ಪ್ರಶ್ನೆಗೆ ನಾನೂ ಕಾಕಾ ಇಬ್ಬರೂ ಉತ್ತರ ಕೊಡಲಿಲ್ಲ. ಮುಖಂಡರ ಮೇಲೆ ಹಾಕುವ ತಪ್ಪಿನಲ್ಲಿ ಅರ್ಧ ನಮ್ಮ ಮನೆಯ ಜಗಲಿಯ ಮೇಲೇ ಇದೆ ಎನ್ನುವುದನ್ನು ಕಾಕು ಎಷ್ಟು ಸರಳವಾಗಿ ಹೇಳಿದರು!

ಅಧಿಕಾರದಲ್ಲಿದ್ದವರು ಧರ್ಮಕ್ಕೆ ಕೊಡುವುದು ಕಲ್ಲೋಳಿಗೆ ಹೊಸದೂ ಅಲ್ಲ. ಸವದತ್ತಿಯ ರಟ್ಟರ ಕಾಲದಲ್ಲಿ, 1204ರಲ್ಲಿ, ನಾಲ್ವಡಿ ಕಾರ್ತವೀರ್ಯ ಬೆಳಗಾವಿಯಿಂದ ಆಳುತ್ತಿದ್ದಾಗ ನಮ್ಮೂರ ಶಾಂತಿನಾಥ ಬಸದಿಗೆ ದತ್ತಿ ಬಿಟ್ಟ ಶಾಸನವಿದೆ. ಅದರಲ್ಲಿ ಊರ ಹೆಸರು ಕಲ್ಪೊಳೆ. ಅದೇ ಕಾರ್ತವೀರ್ಯನ ಆಸ್ಥಾನದಲ್ಲಿ ಪಾರ್ಶ್ವನಾಥ ಪುರಾಣ ಬರೆದ ಪಾರ್ಶ್ವಪಂಡಿತ ಇದ್ದ. ಜೈನರು ಹೇಳುವ ನಾಲ್ಕು ದಾನಗಳಲ್ಲಿ ಅನ್ನ, ಔಷಧ, ಅಭಯದ ಜೊತೆ ಶಾಸ್ತ್ರವೂ ಒಂದು. ಅಂದರೆ ಗ್ರಂಥವನ್ನು ಬರೆಸಿ, ಪ್ರತಿ ಮಾಡಿಸಿ, ಓದುವವರ ಕೈಗೆ ಕೊಡುವುದು. ದಂಡನಾಯಕರ ಮನೆಯ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಅಧಿಕಾರದಲ್ಲಿದ್ದವರು ಧರ್ಮಕ್ಕೆ ಮಾಡಬಹುದಾದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಕಮಾನು ಕಟ್ಟಿಸುವುದು, ಪೇವರ್ಸ್ ಹಾಕಿಸುವುದು, ಸಮುದಾಯ ಭವನಕ್ಕೆ ಹಣ ಕೊಡುವುದು ಆಗಲಿ, ಬೇಡವೆನ್ನುವುದಿಲ್ಲ. ಒಂದು ಗುಡಿಗೆ ಒಂದು ಕಪಾಟು ಪುಸ್ತಕ ಕೊಟ್ಟ ಜನಪ್ರತಿನಿಧಿಯನ್ನು ಮಾತ್ರ ನಾನು ಇನ್ನೂ ನೋಡಬೇಕು.

ಇನ್ನು ಪ್ರಮಾಣವಚನದ ಸಂಗತಿ. 2023ರ ಮೇ 20ರಂದು ಹೊಸ ಸರ್ಕಾರ ಬಂದಾಗ ಹುಕ್ಕೇರಿ ತಾಲ್ಲೂಕಿನ ಯಮಕನಮರಡಿಯನ್ನು ಪ್ರತಿನಿಧಿಸುವ ಸತೀಶ ಜಾರಕಿಹೊಳಿಯವರು ಬುದ್ಧ, ಬಸವ, ಅಂಬೇಡ್ಕರ್ ಹೆಸರಿನಲ್ಲಿ ಪ್ರಮಾಣ ಮಾಡಿದರು. ಡಿ.ಕೆ. ಶಿವಕುಮಾರ್ ತಾವು ನಂಬುವ ಗಂಗಾಧರ ಅಜ್ಜನ ಹೆಸರಿನಲ್ಲಿ ಮಾಡಿದರು. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸು ಎಂದು ಎರಡೇ ದಾರಿ ಇದೆ, ಹಾಗಾದರೆ ಇದು ಸಿಂಧುವೇ ಎಂದು ನಮ್ಮ ಬೆಳಗಾವಿ ಜಿಲ್ಲೆಯವರೇ ಒಬ್ಬರು ಹೈಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು. ಬುದ್ಧ, ಬಸವೇಶ್ವರ, ಅಂಬೇಡ್ಕರ್ ಅವರನ್ನು ದೈವಾಂಶಸಂಭೂತರೆಂದು ಜನ ಕಾಣುತ್ತಾರೆ ಎಂದ ನ್ಯಾಯಾಲಯ, ಕನ್ನಡದ ‘ದೇವನೊಬ್ಬ ನಾಮ ಹಲವು’ ಗಾದೆಯನ್ನು ತೀರ್ಪಿನಲ್ಲಿ ನೆನೆಯಿತು. ನಮ್ಮ ತಾಲ್ಲೂಕು ಕೇಂದ್ರ ಮೂಡಲಗಿಯ ಮಠದ ಹೆಸರು ಶಿವಬೋಧರಂಗ ಮಠ. ಒಂದೇ ಹೆಸರಿನಲ್ಲಿ ಶಿವನನ್ನೂ ರಂಗನನ್ನೂ ಕೂಡಿಸಿ ಕರೆದವರ ನಾಡಿನಲ್ಲಿ ಈ ತೀರ್ಪು ಅರ್ಥವಾಗುವುದು ಕಷ್ಟವಲ್ಲ.

ಆದರೂ ಅರ್ಜಿ ಹಾಕಿದವರ ಪ್ರಶ್ನೆ ತಪ್ಪು ಎನ್ನಲಾರೆ. ಅವರು ಕೇಳಿದ್ದರಿಂದಲೇ ಉತ್ತರ ಸಿಕ್ಕಿತು. 2022ರ ನವೆಂಬರಿನಲ್ಲಿ ನಿಪ್ಪಾಣಿಯಲ್ಲಿ ಇದೇ ಜಾರಕಿಹೊಳಿಯವರು ಹಿಂದೂ ಎಂಬ ಶಬ್ದದ ಮೂಲದ ಬಗ್ಗೆ ಆಡಿದ ಮಾತಿಗೆ ಹಾಗೆ ಆಗಲಿಲ್ಲ. ಪ್ರತಿಭಟನೆ ನಡೆಯಿತು, ಅವರದೇ ಪಕ್ಷ ದೂರ ಸರಿಯಿತು. ಪರಿಶೀಲನೆಗೆ ಸಮಿತಿ ಮಾಡಿ ಎಂದು ಮುಖ್ಯಮಂತ್ರಿಗೆ ಪತ್ರ ಬರೆದು ಅವರು ಮಾತನ್ನು ಹಿಂದಕ್ಕೆ ಪಡೆದರು. ಆ ಮಾತು ಬಹಳ ಜನರ ಮನಸ್ಸು ನೋಯಿಸಿತು, ಅದು ನಿಜ. ಪುಸ್ತಕ ತಂದು ಎದುರಿಗಿಟ್ಟು ಇದು ಹೀಗೆ, ಇದು ಹೀಗಲ್ಲ ಎಂದು ತೋರಿಸುವ ಸಭೆ ಮಾತ್ರ ಈ ಕಡೆಯವರಿಂದಲೂ ಆಗಲಿಲ್ಲ, ಆ ಕಡೆಯವರಿಂದಲೂ ಆಗಲಿಲ್ಲ. ಕಾಕಾ ಹೇಳುವ ಹಾಗೆ, ದಪ್ಪು ಬಡಿದರು, ಜವಾಬು ಹಾಡಲಿಲ್ಲ.

ಸಂವಿಧಾನ ಬರೆಯುವಾಗ ಇಂಥ ಸಭೆ ಒಂದು ಆಗಿತ್ತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಎಂದು ತಿದ್ದುಪಡಿ ತಂದರು. ಹೃದಯನಾಥ ಕುಂಜ್ರು ಎದ್ದು, ಇದು ಮನಸ್ಸಿನ ಒಳಗಿನ ವಿಷಯ, ನಂಬದವರ ಮೇಲೆ ಹೇರುವುದು ಪೀಠಿಕೆಯದೇ ಸ್ವಾತಂತ್ರ್ಯದ ಮಾತಿಗೆ ವಿರುದ್ಧ ಎಂದರು. ದೇವರನ್ನು ಮತಕ್ಕೆ ಹಾಕಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿಯವರು ಕೇಳಿಕೊಂಡರೂ ಕಾಮತರು ಬಿಡಲಿಲ್ಲ. ಪರ 41, ವಿರೋಧ 68. ವಿರೋಧಿಸಿದವರಲ್ಲಿ ಬಹಳಷ್ಟು ಮಂದಿ ಮನೆಯಲ್ಲಿ ದೇವರ ಪೂಜೆ ಮಾಡುವವರೇ ಇದ್ದಿರಬೇಕು. ತಮ್ಮ ದೇವರು ಇನ್ನೊಬ್ಬರ ಮೇಲೆ ಕಾನೂನಾಗಬಾರದು ಎಂದು ಅವರು ಕೈ ಎತ್ತಿದರು. ಅದನ್ನು ನಾನು ದೊಡ್ಡ ಧರ್ಮಜ್ಞಾನ ಎನ್ನುತ್ತೇನೆ.

“ಹಂಗಾರ ಓಟು ಹಾಕೂ ಮುಂದ ನಾವು ಅವರಿಗೆ ಪುರಾಣದ ಪರೀಕ್ಷಾ ಇಡೂದೇನು?” ಕಾಕು ಕೇಳಿದರು.

“ಬ್ಯಾಡ್ರಿ ಕಾಕು,” ಎಂದೆ. ಇದನ್ನು ಸ್ಪಷ್ಟ ಹೇಳಬೇಕು. ಶಾಸಕನಾಗಲು ಶ್ಲೋಕ ಬರಬೇಕಾಗಿಲ್ಲ. ಧರ್ಮದ ಹೆಸರಿನಲ್ಲಿ ಓಟು ಕೇಳುವುದು ಚುನಾವಣಾ ಕಾನೂನಿನಲ್ಲಿ ಭ್ರಷ್ಟ ಆಚರಣೆಯ ಲೆಕ್ಕ. ಧರ್ಮಜ್ಞಾನ ನೋಡಿ ಓಟು ಹಾಕುವುದೂ ಅದರ ನೆರೆಮನೆಯೇ. ಒಂದು ವಚನ ಬಾರದಿದ್ದರೂ ಘಟಪ್ರಭಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿಸಿದವರು ನನಗೆ ಸಾಕು. ಸ್ಮಶಾನದಲ್ಲಿ ರಾತ್ರಿ ಕಳೆದು ಮೌಢ್ಯ ಬೇಡ ಎನ್ನುವವರೂ ಇರಲಿ, ಶನಿವಾರ ಉಪವಾಸ ಇರುವವರೂ ಇರಲಿ. ಆದರೆ ಗ್ರಂಥವನ್ನು ತಾವಾಗಿಯೇ ಮೈಕಿನ ಮುಂದೆ ತಂದವರು ಅದರ ಬಗ್ಗೆ ಪ್ರಶ್ನೆ ಬಂದಾಗ ಕಾರು ಹತ್ತಿ ಹೋಗಬಾರದು. ಹರದೇಶಿಯವರು ಹಾಡಿದ ಮೇಲೆ ನಾಗೇಶಿಯವರು ಹಾಡುವತನಕ ಕೂಡಲೇಬೇಕು.

ಕೇಳುವವರೂ ಓದಿರಬೇಕು ಎನ್ನುವುದು ಕಾಕುವಿನ ವಾದ. “ಗೋಕಾಕ ತಾಲ್ಲೂಕಿನ ಬಸವರಾಜ ಕಟ್ಟೀಮನಿಯವರು ‘ಜರತಾರಿ ಜಗದ್ಗುರು’ ಬರೆದ್ರಲ್ಲ, ಮಠದ ಒಳಗಿನ ಜೀವನ ಗೊತ್ತಿತ್ತು, ಬರೆದ್ರು. ಗೊತ್ತಿಲ್ದಂಗ ಕೇಳಿದ್ರ ಅದು ಸವಾಲಲ್ಲ, ಬೈಗುಳ.” ಕಟ್ಟೀಮನಿ ಮಲಾಮರಡಿಯವರು, ಮುಂದೆ ವಿಧಾನ ಪರಿಷತ್ತಿನಲ್ಲೂ ಇದ್ದರು. ಕಾಕು ಹರೆಯದಲ್ಲಿ ಆ ಕಾದಂಬರಿಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟು ಓದಿದ್ದಂತೆ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನೂ ಕಾಕು ನೆನೆದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ನಮ್ಮ ಕಡೆ ಒಲೆ ಹೊತ್ತದ ಮನೆಗಳಿದ್ದವು. ಕಿಸೆ ಇಲ್ಲದ ಅಂಗಿ ತೊಟ್ಟವರು, ಪದ್ಮಶ್ರೀ ಬಂದಾಗ ಬೇಡವೆಂದವರು. ಬೆಳಗಿನ ಚಳಿಯಲ್ಲಿ ಅವರ ಪ್ರವಚನಕ್ಕೆ ಶಾಸಕರು, ಸಂಸದರು ಬಂದರೆ ಕೆಳಗೆ ಎಲ್ಲರ ನಡುವೆ ಕೂತು ಕೇಳಿ ಹೋಗುತ್ತಿದ್ದರು. ಅಲ್ಲಿ ಆ ಮುಖಂಡರ ಕೈಯಲ್ಲೂ ಮೈಕ್ ಇರುತ್ತಿರಲಿಲ್ಲ.

ಬೇಲಿಯ ಎರಡೂ ಕಡೆ ಒಂದು ಒಪ್ಪಂದ ಆಯಿತು. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಮಾಲೆ. ಅದರಲ್ಲಿ ಶರಣೆಯರ ಸಂಪುಟ ಮೊದಲು ಬರಲಿ ಎಂದು ಕಾಕು ಹಟ ಹಿಡಿದರು. ಕಿಷ್ಕಿಂಧಾ ಕಾಂಡ ಮೊದಲು ಆಗಲಿ, ಹನುಮಪ್ಪನ ಊರಲ್ಲಿ ಹನುಮಪ್ಪನಿಂದ ಶುರುವಾಗಬೇಕು ಎಂದರು ಕಾಕಾ. ಎರಡನ್ನೂ ತರುತ್ತೇನೆ, ಸೋಮವಾರ ಒಂದು, ಶನಿವಾರ ಒಂದು ಓದೋಣ ಎಂದೆ. ಓದುವವನು ನಾನು, ಅರ್ಥ ಹೇಳುವವರು ಕಾಕಾ.

“ಮತ್ತ ನಾನು?” ಎಂದರು ಕಾಕು. ತಾವೇ ಉತ್ತರವನ್ನೂ ಹೇಳಿದರು: “ನಾ ನಡುವ ನಿಲ್ಲಿಸಿ ಕೇಳಾಕಿ. ಬ್ಯಾಸರ ಮಾಡ್ಕೊಂಡ್ರ ನಡಿಯೂದಿಲ್ಲ.”

“ಮುಖಂಡರು ಯಾರಾರ ಬಂದ್ರ?” ಎಂದೆ.

“ಬರಲಿ. ಚಾಪಿ ಹಾಸೂಣು. ಹಾರ ಗೀರ ಏನೂ ತರೂದು ಬ್ಯಾಡ,” ಎಂದರು ಕಾಕಾ. “ಓದೂ ಪಾಳಿ ಬಂದ್ರ ಅವರೂ ಒಂದು ಪುಟ ಓದಲಿ.”